“ಎಲ್ಲಾ ಒರಿಜಿನಲ್ ಐತ್ರಿ” ಅಂದಾಗ ಏನು ನೋಡಬೇಕು: ಹಳೇ ಟ್ರ್ಯಾಕ್ಟರಿನ ಭಾಗ ಗುರುತಿಸಿ ಬೆಲೆ ಕಟ್ಟುವ ಬಗೆ

ಬೆಳಗಾವಿ ಜಿಲ್ಲೆಯ ಅಥಣಿಯಿಂದ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ತನಕ ಯಾವ ಊರಿಗೆ ಹೋದರೂ ಒಂದಾದರೂ ಹಳೇ ಟ್ರ್ಯಾಕ್ಟರ್ ಕಣ್ಣಿಗೆ ಬೀಳುತ್ತದೆ. ಹಿತ್ತಲ ಬೇವಿನ ಮರದ ಕೆಳಗೆ, ಗಾಣದ ಮನೆಯ ಪಕ್ಕ, ಇಲ್ಲಾ ಬಾವಿ ದಂಡೆಯ ಮೇಲೆ. ಕೆಲವು ಇನ್ನೂ ಓಡುತ್ತವೆ. ಕೆಲವಕ್ಕೆ ಟೈರ್ ಕೂಡ ಉಳಿದಿಲ್ಲ. ಈಚೆಗೆ ಇವನ್ನು ಹುಡುಕಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಅಜ್ಜನ ಗಾಡಿ ಮತ್ತೆ ಓಡಿಸಬೇಕು ಅನ್ನುವ ಮೊಮ್ಮಕ್ಕಳು, ರೆಸಾರ್ಟ್ ಮುಂದೆ ನಿಲ್ಲಿಸುವವರು, ಬಿಡಿಭಾಗ ಕಿತ್ತು ಮಾರುವವರು, ಹೀಗೆ. ಎಲ್ಲರಿಗೂ ಸಿಗುವ ಮಾತು ಒಂದೇ: “ಎಲ್ಲಾ ಒರಿಜಿನಲ್ ಐತ್ರಿ.”

ಆ ಮಾತು ಸುಳ್ಳು ಅಂತ ತಳ್ಳಬೇಡಿ, ಹಾಗಂತ ಪೂರ್ತಿ ನಂಬಲೂ ಬೇಡಿ. 50-60 ವರ್ಷ ದುಡಿದ ಗಾಡಿಯಲ್ಲಿ ಮೂರು ಥರದ ಮಾಲು ಇರುತ್ತದೆ. ಕಾರ್ಖಾನೆಯಿಂದ ಹೊರಬರುವಾಗಲೇ ಇದ್ದದ್ದು ಒಂದು. ಆಮೇಲೆ ಹಾಕಿಸಿದ, ಅದೇ ಕಂಪನಿಯ ಸ್ಪೇರ್ ಇನ್ನೊಂದು. ಮೂರನೆಯದು ಡೂಪ್ಲಿಕೇಟ್ ಅಥವಾ ಲೋಕಲ್ ಮಾಲು. ಮೂರಕ್ಕೂ ಬೆಲೆ ಬೇರೆ ಬೇರೆ. ಯಾವುದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಗಾಡಿ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಗಾಡಿಯ ಮಾಡೆಲ್ಲು, ವರ್ಷ ಗೊತ್ತಿಲ್ಲದೆ ಭಾಗ ನೋಡಲು ಹೋಗಬೇಡಿ. ನಮ್ಮ ಕಡೆ ಸಿಗುವ ಹಳೇ ಗಾಡಿಗಳು ಹೆಚ್ಚಾಗಿ ಕೆಲವೇ ಮನೆತನದವು.

ಬೂದು ಬಣ್ಣದ ಸಣ್ಣ ಫರ್ಗುಸನ್ ಟಿಇ-20 ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರ ತನಕ ತಯಾರಾಯಿತು. ಅದರ ಅಕ್ಷರಗಳಲ್ಲೇ ಜಾತಕ ಇದೆ: ಟಿಇಎ ಅಂದರೆ ಪೆಟ್ರೋಲ್, ಟಿಇಡಿ ಅಂದರೆ ಸೀಮೆಎಣ್ಣೆ ಥರದ ಇಂಧನ, ಟಿಇಎಫ್ ಅಂದರೆ ಡೀಸೆಲ್. ಆಮೇಲೆ ಬಂದದ್ದು ಮ್ಯಾಸ್ಸಿ ಫರ್ಗುಸನ್ 35. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಇದೇ ಮನೆತನವನ್ನು ಇಲ್ಲಿ ಬೆಳೆಸಿತು. ಫೋರ್ಡ್‌ಸನ್‌ನಲ್ಲಿ ದೊಡ್ಡದು ಮೇಜರ್, ಚಿಕ್ಕದು ಡೆಕ್ಸ್‌ಟಾ. ಡೆಕ್ಸ್‌ಟಾ 1957ರಿಂದ 1964ರ ತನಕ ಬಂತು. ಫೋರ್ಡ್ 3000 ಅನ್ನು 1971ರಿಂದ ಎಸ್ಕಾರ್ಟ್ಸ್ ಕಂಪನಿ ಇಲ್ಲೇ ಮಾಡಿತು. ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ 1963ರಲ್ಲಿ ಕೂಡಿ ತಂದದ್ದು ಬಿ-275. ಫರೀದಾಬಾದಿನ ಐಷರ್ 1959ರಲ್ಲಿ ಶುರು. ಎಚ್‌ಎಂಟಿ 1971ರಲ್ಲಿ ಪಿಂಜೋರ್‌ನಲ್ಲಿ ಝೆಟರ್ ಜೊತೆ ಸೇರಿ 2511 ತಂದಿತು.

ವರ್ಷ ತಿಳಿಯಲು ಆರ್‌ಸಿ ಕೇಳಿ. ಇಲ್ಲಿ ನಮ್ಮ ಜಿಲ್ಲೆಗಳದ್ದೇ ಒಂದು ಕಿರಿಕಿರಿ ಇದೆ. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಮುಧೋಳದ ಗಾಡಿಯ ಹಳೇ ಕಾಗದದಲ್ಲಿ ಬಿಜಾಪುರ ಅಂತ ಇದ್ದರೆ ಗಾಬರಿ ಆಗಬೇಡಿ, ಅದೇ ಸರಿ. 1956ಕ್ಕಿಂತ ಮುಂಚೆ ಬೆಳಗಾವಿ, ಬಿಜಾಪುರ ಎರಡೂ ಮುಂಬೈ ರಾಜ್ಯದಲ್ಲಿದ್ದವು. ಅಷ್ಟು ಹಳೇ ಕಾಗದ ಸಿಕ್ಕರೆ ಅದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಅದನ್ನು ಮಡಚಿ ಜೇಬಿಗೆ ಹಾಕದೆ ಮೊದಲು ಫೋಟೊ ತೆಗೆದುಕೊಳ್ಳಿ. ಇನ್ನು ಕೆ.ಎ. 28, ಕೆ.ಎ. 29, ಕೆ.ಎ. 48 ಥರದ ನಂಬರ್ ಇದ್ದರೆ, ನೋಂದಣಿ 1989ರ ನಂತರದ್ದು. ಗಾಡಿ ಅದಕ್ಕಿಂತ ಹಳೇದೇ ಇರಬಹುದು. ಎಷ್ಟೋ ಗಾಡಿ ಹೊಲ ಬಿಟ್ಟು ರಸ್ತೆಗೆ ಬಂದಾಗಲೇ ಪಾಸಿಂಗ್ ಆದದ್ದು. ಆದ್ದರಿಂದ ಆರ್‌ಸಿಯಲ್ಲಿನ ವರ್ಷವೇ ಕೊನೆ ಮಾತಲ್ಲ, ಕಬ್ಬಿಣ ಏನು ಹೇಳುತ್ತದೆ ಅಂತಲೂ ನೋಡಬೇಕು.

ಕೈಯಲ್ಲಿ ಏನಿರಬೇಕು

ದೊಡ್ಡ ಸಾಮಾನು ಬೇಡ. ಟಾರ್ಚ್, ಸೀಮೆಸುಣ್ಣ, ಹಳೇ ಹಲ್ಲುಜ್ಜುವ ಬ್ರಷ್, ಒಂದು ಬಾಟಲಿ ಡೀಸೆಲ್, ಚಿಂದಿ ಬಟ್ಟೆ, ಸಣ್ಣ ಅಯಸ್ಕಾಂತ, ಸೂಕ್ಷ್ಮವಾಗಿ ಅಳೆಯಲು ವರ್ನಿಯರ್, ಬೋಲ್ಟಿನ ಆಟೆ (ಥ್ರೆಡ್) ನೋಡಲು ಥ್ರೆಡ್ ಗೇಜ್, ಫೋನ್. ತಂತಿ ಬ್ರಷ್ ಮಾತ್ರ ಒಯ್ಯಬೇಡಿ. ಅವಸರದಲ್ಲಿ ಪ್ಲೇಟಿನ ಮೇಲಿನ ಅಕ್ಷರವನ್ನೇ ಉಜ್ಜಿ ಹಾಕಿದವರಿದ್ದಾರೆ.

ನಂಬರ್ ಪ್ಲೇಟು ಮತ್ತು ಪಂಚ್

ಇಲ್ಲಿ ನಂಬರ್ ಪ್ಲೇಟು ಅಂದರೆ ಆರ್‌ಟಿಓ ನಂಬರಿನದಲ್ಲ, ಕಾರ್ಖಾನೆಯ ನಂಬರ್ ಇರುವ ಸಣ್ಣ ತಗಡು. ಟಿಇ-20ರಲ್ಲಿ ಅದು ಡ್ಯಾಶ್ ಹತ್ತಿರ ಇರುತ್ತದೆ. ಫೋರ್ಡ್‌ಸನ್ ಗಾಡಿಗಳಲ್ಲಿ ನಂಬರನ್ನು ಬೀಡಿನ (ಎರಕ ಹೊಯ್ದ ಕಬ್ಬಿಣದ) ಮೈಮೇಲೇ ಹೊಡೆದಿರುತ್ತಾರೆ. ಗ್ರೀಸು, ಮಣ್ಣು ಗಟ್ಟಿಯಾಗಿ ಕೂತಿದ್ದರೆ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡಿ, ಆಮೇಲೆ ಮೆತ್ತನೆ ಬ್ರಷ್. ಒಣಗಿದ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ಉಜ್ಜಿ, ಬಟ್ಟೆಯಿಂದ ಮೆಲ್ಲಗೆ ಒರೆಸಿ. ಸುಣ್ಣ ತಗ್ಗಿನಲ್ಲಿ ಕೂತು ನಂಬರ್ ಬೆಳ್ಳಗೆ ಎದ್ದು ಕಾಣುತ್ತದೆ. ಟಾರ್ಚನ್ನು ನೇರಕ್ಕೆ ಬಿಡಬೇಡಿ, ಪಕ್ಕದಿಂದ ಬಿಡಿ.

ಈಗ ರಿವೆಟ್ ನೋಡಿ. ಕಾರ್ಖಾನೆಯಲ್ಲಿ ಪ್ಲೇಟು ಕೂರಿಸಲು ತಲೆ ಗಟ್ಟಿ ಇರುವ ರಿವೆಟ್ಟೋ, ಹೊಡೆದು ಕೂರಿಸುವ ಸಣ್ಣ ಪಿನ್ನೋ ಬಳಸುತ್ತಿದ್ದರು. ರಿವೆಟ್ ತಲೆಯ ನಡುವೆ ತೂತು ಕಂಡರೆ ಅದು ಪಾಪ್ ರಿವೆಟ್. ಅಂದರೆ ಯಾರೋ ಆಮೇಲೆ ಪ್ಲೇಟು ತೆಗೆದು ಹಾಕಿದ್ದಾರೆ. ಬಣ್ಣ ಹೊಡೆಯಲು ತೆಗೆದಿರಬಹುದು, ಬೇರೆ ಗಾಡಿಯ ಪ್ಲೇಟೇ ಇರಲೂಬಹುದು. ಹಳೇ ಪ್ಲೇಟಿನ ಅಂಕಿಗಳನ್ನು ಒಂದೊಂದೇ ಪಂಚ್‌ನಿಂದ ಹೊಡೆದಿರುವುದರಿಂದ ಸಾಲು ಸ್ವಲ್ಪ ಏರುಪೇರು ಇರುತ್ತದೆ. ತೀರಾ ನೀಟಾಗಿ ಅಚ್ಚು ಹಾಕಿದಂತಿದ್ದರೆ ಅನುಮಾನ ಪಡಿ.

ಬೀಡಿನ ಮೇಲಿನ ನಂಬರ್ ಆದರೆ ಅದರ ಸುತ್ತಲಿನ ಜಾಗ ಮುಖ್ಯ. ಕಾರ್ಖಾನೆಯಲ್ಲಿ ಮಷಿನ್ ಹೊಡೆದ ಗೆರೆಗಳು ಒಂದೇ ದಿಕ್ಕಿನಲ್ಲಿ ಸಮನಾಗಿ ಇರುತ್ತವೆ. ನಂಬರ್ ಇರುವ ಕಡೆ ಮಾತ್ರ ಗ್ರೈಂಡರ್ ಗೆರೆ ಅಡ್ಡಾದಿಡ್ಡಿ ಇದ್ದು, ಜಾಗ ಸ್ವಲ್ಪ ತಗ್ಗಾಗಿದ್ದರೆ ಗಾಡಿ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಬನ್ನಿ. ಕಳವಿನ ಗಾಡಿ ಆಗಿದ್ದರೆ ಮುಂದೆ ಠಾಣೆ ಮೆಟ್ಟಿಲು ಹತ್ತುವುದು ನೀವು. ಮಾಸಿದ ನಂಬರನ್ನು “ಸ್ವಲ್ಪ ಡಾರ್ಕ್ ಮಾಡಿಸೋಣ” ಅಂತ ನೀವೂ ಮತ್ತೆ ಪಂಚ್ ಹೊಡೆಸಬೇಡಿ. ಅದೂ ಅಪರಾಧವೇ.

ಬೀಡಿನ ಮೇಲೆ ಉಬ್ಬಿದ ಅಕ್ಷರ ಓದುವುದು

ಇದು ಸ್ವಲ್ಪ ತಾಳ್ಮೆ ಕೇಳುವ ಕೆಲಸ, ಆದರೆ ಮಜಾ ಇರುವುದೂ ಇಲ್ಲೇ.

ಫೋರ್ಡ್‌ಸನ್ ಮೇಜರ್‌ನ ಭಾಗಗಳ ನಂಬರ್ ‘ಇ1ಎ’ ಅಂತ ಶುರುವಾಗುತ್ತದೆ. ಡೆಕ್ಸ್‌ಟಾದ್ದು ‘957ಇ’. 1960ರ ದಶಕದ ನಡುವಿನಿಂದ ಬಂದ ಫೋರ್ಡ್ ಗಾಡಿಗಳಲ್ಲಿ ‘ಸಿ5ಎನ್‌ಎನ್’ ಥರ ಇರುತ್ತದೆ. ಸಿ ಅಂದರೆ 60ರ ದಶಕ, 5 ಅಂದರೆ 1965. 70ರ ದಶಕಕ್ಕೆ ಡಿ. ಹುಷಾರು, ಇದು ಆ ಭಾಗದ ನಕ್ಷೆ ತಯಾರಾದ ವರ್ಷ, ಎರಕ ಹೊಯ್ದ ವರ್ಷ ಅಲ್ಲ. 1965ರ ನಕ್ಷೆಯ ಭಾಗವನ್ನು 1972ರಲ್ಲೂ ಎರಕ ಹೊಯ್ದಿರುತ್ತಾರೆ.

ಎರಕದ ತಾರೀಕು ಬೇರೆಯೇ ಇರುತ್ತದೆ. ಒಂದು ಅಂಕಿ, ಒಂದು ಅಕ್ಷರ, ಮತ್ತೆ ಒಂದೆರಡು ಅಂಕಿ. ಉದಾಹರಣೆಗೆ ‘2ಸಿ14’. ಮೊದಲ 2 ವರ್ಷದ ಕೊನೆಯ ಅಂಕಿ. ಸಿ ಅಂದರೆ ಮೂರನೇ ತಿಂಗಳು, ಮಾರ್ಚ್. 14 ತಾರೀಕು. ತಿಂಗಳ ಅಕ್ಷರಗಳಲ್ಲಿ ‘ಐ’ ಬಿಟ್ಟಿದ್ದಾರೆ, ಒಂದು ಅಂತ ತಪ್ಪು ಓದಬಾರದಲ್ವಾ, ಅದಕ್ಕೆ. ಹಾಗಾಗಿ ಎಚ್ ಆಗಸ್ಟ್ ಆದರೆ ಜೆ ಸೆಪ್ಟೆಂಬರ್, ಎಂ ಡಿಸೆಂಬರ್. 2 ಅಂದರೆ 1972ರದ್ದೋ 1982ರದ್ದೋ ಅಂತ ಗೊತ್ತಾಗಲು ಗಾಡಿಯ ಮಾಡೆಲ್ಲು ಮತ್ತು ಭಾಗದ ನಂಬರ್ ಎರಡನ್ನೂ ಜೊತೆಗಿಟ್ಟು ನೋಡಬೇಕು.

ಮ್ಯಾಸ್ಸಿ ಫರ್ಗುಸನ್ ಭಾಗದ ನಂಬರಿನ ಕೊನೆಯಲ್ಲಿ ‘ಎಂ1’ ಅಥವಾ ‘ಎಂ91’ ಅಂತ ಇರುತ್ತದೆ. ಇಂಟರ್‌ನ್ಯಾಷನಲ್‌ನಲ್ಲಿ ಅದೇ ರೀತಿ ‘ಆರ್1’, ‘ಆರ್91’. ಎರಡರಲ್ಲೂ ಚಿಕ್ಕ ಅಂಕಿ ಬಿಡಿ ಭಾಗಕ್ಕೆ, 91 ಮತ್ತು ಮೇಲಿನದು ಹಲವು ಭಾಗ ಸೇರಿಸಿ ಮಾಡಿದ ಜೋಡಣೆಗೆ. ಬಿ-275ರ ಮೇಲೆ ‘ಎಂ1’ ಅಂತ ಕೊನೆಯಾಗುವ ಭಾಗ ಕಂಡರೆ, ಯಾವನೋ ಮೇಸ್ತ್ರಿ ಮ್ಯಾಸ್ಸಿಯದ್ದನ್ನು ಇಲ್ಲಿ ಕೂರಿಸಿದ್ದಾನೆ ಅಂತ ತಿಳಿಯಿರಿ. ಕೆಲಸ ಮಾಡುತ್ತಿರಬಹುದು, ಆದರೆ ಈ ಗಾಡಿಯದ್ದಲ್ಲ.

ತಾರೀಕು ಸಿಕ್ಕ ಮೇಲೆ ಲೆಕ್ಕ ಸುಲಭ. ಗಾಡಿ ತಯಾರಾಗುವುದಕ್ಕೆ ಕೆಲವು ವಾರವೋ ತಿಂಗಳೋ ಮುಂಚಿನ ತಾರೀಕು ಇದ್ದರೆ ಅದು ಹುಟ್ಟಿನಿಂದ ಬಂದ ಭಾಗ ಇರಬಹುದು. ಗಾಡಿಗಿಂತ ಒಂದು ದಿನ ಆಮೇಲಿನದಾದರೂ ಅದು ಬದಲಿಸಿದ್ದೇ. ತುಂಬಾ ವರ್ಷ ಹಿಂದಿನದಾದರೆ ಬೇರೆ ಗಾಡಿಯಿಂದ ಕಿತ್ತದ್ದು.

ಉದ್ಯಮಬಾಗದಲ್ಲಿ ಮತ್ತೆ ಎರಕ ಹೊಯ್ದದ್ದಾ?

ಬೆಳಗಾವಿ ಕಡೆಯವರಿಗೆ ಇದನ್ನು ವಿವರವಾಗಿ ಹೇಳಲೇಬೇಕು. ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್ ಎಲ್ಲಾ ಇವೆ. ಹಳೇ ಭಾಗ ಒಂದನ್ನು ಒಯ್ದು ಕೊಟ್ಟರೆ ಅದರಂತೆಯೇ ಇನ್ನೊಂದು ಹೊಯ್ದು ಕೊಡುವ ಕೈಗಳು ಅಲ್ಲಿವೆ. ಗಾಡಿ ಓಡಿಸುವವನಿಗೆ ಅದು ವರ. ಒರಿಜಿನಲ್ ಅಂತ ದುಡ್ಡು ಕೊಡುವವನು ಮಾತ್ರ ಕಣ್ಣು ಬಿಟ್ಟು ನೋಡಬೇಕು.

ಗುಟ್ಟು ಇರುವುದು ಕಬ್ಬಿಣ ತಣಿಯುವಾಗ. ಕರಗಿದ ಬೀಡು ಗಟ್ಟಿಯಾಗಿ ತಣ್ಣಗಾಗುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅಡಿಗೆ ಒಂದು ಸೂತ, ಅಂದರೆ ಇಂಚಿನ ಎಂಟನೇ ಒಂದು ಭಾಗ. ಅದಕ್ಕೇ ಮಾದರಿ ಮಾಡುವವರು ಕಟ್ಟಿಗೆಯ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. ಆದರೆ ಹಳೇ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ, ಹೊಸದು ಹಳೇದಕ್ಕಿಂತ ಚಿಕ್ಕದಾಗಿ ಬರುತ್ತದೆ. 300 ಮಿಲಿಮೀಟರ್ ಉದ್ದದ ಭಾಗದಲ್ಲಿ ಸುಮಾರು 3 ಮಿಲಿಮೀಟರ್ ಕಡಿಮೆ. ವರ್ನಿಯರ್ ಇದನ್ನು ಹಿಡಿದುಕೊಡುತ್ತದೆ.

ಎಲ್ಲಿ ಅಳೆಯಬೇಕು ಅನ್ನುವುದರಲ್ಲಿ ಜಾಣತನ ಇದೆ. ಬೋಲ್ಟ್ ತೂತಿನಿಂದ ತೂತಿಗೆ ಅಳೆಯಬೇಡಿ. ಅದನ್ನು ಆಮೇಲೆ ಡ್ರಿಲ್ ಮಾಡಿರುತ್ತಾರೆ, ಅಳತೆ ಸರಿಯಾಗಿಯೇ ಇರುತ್ತದೆ. ಮಷಿನ್ ಮುಟ್ಟದ ಕಡೆ ಅಳೆಯಿರಿ: ಒಂದು ಪಕ್ಕೆಲುಬಿನಿಂದ (ಉಬ್ಬಿದ ಪಟ್ಟಿಯಿಂದ) ಇನ್ನೊಂದಕ್ಕೆ, ಕಿವಿಯ (ಹೊರಗೆ ಚಾಚಿದ ತುಂಡಿನ) ಹೊರ ಅಂಚಿನಿಂದ ಅಂಚಿಗೆ, ಉಬ್ಬಿದ ಅಕ್ಷರಗಳ ಸಾಲಿನ ಉದ್ದ. ಹೋಲಿಸಲು ಖಾತ್ರಿ ಒರಿಜಿನಲ್ ಇರುವ ಇನ್ನೊಂದು ಗಾಡಿ ಬೇಕು. ಅದಕ್ಕೇ ಒಂದೇ ಮಾಡೆಲ್ಲಿನ ಎರಡು-ಮೂರು ಗಾಡಿ ನೋಡುವ ತನಕ ಯಾವುದಕ್ಕೂ ದುಡ್ಡು ಕೊಡಬೇಡಿ ಅನ್ನುವುದು ನನ್ನ ಸಲಹೆ.

ಅಕ್ಷರಗಳ ಅಂಚನ್ನೂ ನೋಡಿ. ಮೊದಲ ಎರಕದಲ್ಲಿ ಅಂಚು ಚೂಪು ಇರುತ್ತದೆ. ನಕಲಿನಲ್ಲಿ, ನೆನೆದ ಸಾಬೂನಿನ ಮೇಲಿನ ಹೆಸರಿನ ಹಾಗೆ, ದುಂಡಗಾಗಿ ಮಾಸಿರುತ್ತದೆ. ಕೆಲವರು ಅಕ್ಷರವನ್ನೇ ಗ್ರೈಂಡ್ ಮಾಡಿ ತೆಗೆದಿರುತ್ತಾರೆ. ಅಲ್ಲಿ ಕೈಯಾಡಿಸಿದರೆ ನುಣುಪು ಸಿಗುತ್ತದೆ, ಸುತ್ತಲೂ ಮರಳಿನ ಒರಟು. ಒಳ್ಳೇ ಮಾದರಿ ಮಾಡಿ ಕುಗ್ಗುವಿಕೆಯ ಲೆಕ್ಕ ಹಾಕಿ ಹೊಯ್ದಿದ್ದರೆ ವರ್ನಿಯರ್‌ಗೆ ಸಿಕ್ಕುವುದಿಲ್ಲ. ಆಗ ತಾರೀಕಿನ ಗುರುತು, ಕಂಪನಿ ಮುದ್ರೆ ಇದೆಯಾ ಇಲ್ವಾ ಅನ್ನುವುದೇ ಆಧಾರ.

ಬೋಲ್ಟು ಸುಳ್ಳು ಹೇಳುವುದಿಲ್ಲ, ಪಾನಾ ಹೇಳುತ್ತದೆ

ಇಂಗ್ಲೆಂಡಿನ ಆ ಕಾಲದ ಗಾಡಿಗಳು, ಅಂದರೆ ಫೋರ್ಡ್‌ಸನ್, ಮ್ಯಾಸ್ಸಿ, ಬಿ-275, ಇಂಚಿನ ಬೋಲ್ಟಿನವು. ಝೆಟರ್, ಎಚ್‌ಎಂಟಿ, ಐಷರ್ ಮಿಲಿಮೀಟರಿನವು. ಡೆಕ್ಸ್‌ಟಾದಲ್ಲಿ ಮಿಲಿಮೀಟರ್ ಬೋಲ್ಟ್ ಇದ್ದರೆ ಆ ಜಾಗಕ್ಕೆ ಮೇಸ್ತ್ರಿ ಕೈ ಹಾಕಿದ್ದಾನೆ.

ಪಾನಾ ಹಾಕಿ ನೋಡಿದರೆ ಮೋಸ ಹೋಗುತ್ತೀರಿ. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. 19ರ ಪಾನಾ ಅದಕ್ಕೆ ಆರಾಮಾಗಿ ಕೂರುತ್ತದೆ. ಬೋಲ್ಟ್ ಬಿಚ್ಚಿ ಥ್ರೆಡ್ ಗೇಜ್ ಇಡಿ, ಆಗ ಖಾತ್ರಿ. ಬ್ಲಾಕಿನ ತೂತನ್ನೇ ದೊಡ್ಡದು ಮಾಡಿ ಹೊಸ ಆಟೆ ಹೊಡೆದಿದ್ದರೆ ಆ ಭಾಗದ ಬೆಲೆ ತಗ್ಗಿಸಿ. ಸುಮ್ನೆ ಬೋಲ್ಟ್ ಮಾತ್ರ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಡೈನಮೊ, ಸೆಲ್ಫ್, ಪಂಪು

ಇಂಗ್ಲಿಷ್ ಗಾಡಿಗಳಲ್ಲಿ ಡೈನಮೊ, ಸೆಲ್ಫ್ ಮೋಟರ್ ಹೆಚ್ಚಾಗಿ ಲೂಕಾಸ್ ಕಂಪನಿಯವು. ಅವುಗಳ ಮೈಮೇಲೆ ಮಾಡೆಲ್ ನಂಬರ್ ಜೊತೆ ತಾರೀಕೂ ಪಂಚ್ ಆಗಿರುತ್ತದೆ. ಎರಡು ಜೋಡಿ ಅಂಕಿ, ಎರಡನೆಯದು ವರ್ಷ. 58 ಅಂತ ಇದ್ದರೆ 1958. ಬಣ್ಣದ ಪದರದ ಕೆಳಗೆ ಮುಚ್ಚಿಹೋಗಿರುತ್ತದೆ, ಸೀಮೆಸುಣ್ಣದ ಉಪಾಯ ಇಲ್ಲೂ ನಡೆಯುತ್ತದೆ. ಡೈನಮೊ ಜಾಗದಲ್ಲಿ ಆಲ್ಟರ್‌ನೇಟರ್ ಇದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಡೀಸೆಲ್ ಪಂಪಿನಲ್ಲಿ ಮನೆತನ ನೋಡಿ. ಮೇಜರ್, ಡೆಕ್ಸ್‌ಟಾಗಳಲ್ಲಿ ಸಿಮ್ಸ್ ಪಂಪು. ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್ನಿನ ಮ್ಯಾಸ್ಸಿ 35ರಲ್ಲಿ ಸಿಎವಿ ಕಂಪನಿಯ ಡಿಪಿಎ ಪಂಪು. ಮೈಕೋ ಪಂಪು ಕಂಡರೆ ಅದು ಬೆಂಗಳೂರಿನಲ್ಲಿ ಮಾಡಿದ್ದು. ಇಲ್ಲೇ ತಯಾರಾದ ಗಾಡಿಗೆ ಅದು ಹುಟ್ಟಿನಿಂದ ಬಂದದ್ದೇ ಇರಬಹುದು, ವಿದೇಶದಿಂದ ಬಂದ ಗಾಡಿಯಲ್ಲಾದರೆ ಆಮೇಲೆ ಹಾಕಿದ್ದು. ಪಂಪಿನ ಪ್ಲೇಟು ಚಿಕ್ಕದು, ತೆಳು ತಗಡಿನದು. ಪಂಪ್ ಸರ್ವಿಸ್ ಮಾಡಿಸುವಾಗ ಕಳೆದುಹೋಗುತ್ತದೆ. ಪ್ಲೇಟು ಇದ್ದ ಪಂಪಿಗೂ ಇಲ್ಲದ್ದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಇದ್ದೇ ಇದೆ.

ಒಂದು ಮಾತು ನಗೆಗೆ: ಏರ್ ಕೂಲ್ಡ್ ಐಷರ್‌ಗೆ “ಒರಿಜಿನಲ್ ರೇಡಿಯೇಟರ್” ಅಂತ ಯಾರಾದರೂ ತೋರಿಸಿದರೆ ಚಹಾ ಕುಡಿದು ಎದ್ದು ಬನ್ನಿ. ಅದು ಗಾಳಿಯಿಂದಲೇ ತಣಿಯುವ ಎಂಜಿನ್, ಅದಕ್ಕೆ ರೇಡಿಯೇಟರೇ ಇಲ್ಲ.

ಎಂಜಿನ್ನೇ ಬದಲಾಗಿರುವುದೂ ಉಂಟು. ಪೆಟ್ರೋಲ್, ಸೀಮೆಎಣ್ಣೆ ಎಂಜಿನ್ ಕಿತ್ತು ಡೀಸೆಲ್ ಹಾಕಿಸುವುದು ಆ ಕಾಲದಲ್ಲಿ ಲಾಭದ ಕೆಲಸವೇ ಆಗಿತ್ತು. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್‌ಗಳನ್ನು ಇಲ್ಲೇ ಮಾಡುತ್ತಿತ್ತು, ಹಾಗಾಗಿ ಅವು ಕೈಗೆ ಸಿಗುತ್ತಿದ್ದವು. ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ದಪ್ಪ ಉಕ್ಕಿನ ತಟ್ಟೆ ಕಂಡರೆ, ಬಾನೆಟ್ ಮುಂದಕ್ಕೆ ಎಳೆದು ಕೂರಿಸಿದ್ದರೆ ಅದೇ ಕಥೆ. ಇಂಥ ಗಾಡಿಯನ್ನು ತಾತ್ಸಾರ ಮಾಡಬೇಡಿ. ಕನ್ವರ್ಷನ್ ಹಳೇ ಕಾಲದ್ದೇ ಆಗಿದ್ದು ಕೆಲಸ ನೀಟಾಗಿದ್ದರೆ ಅದನ್ನು ಹಾಗೆಯೇ ಇಟ್ಟುಕೊಳ್ಳುವವರಿದ್ದಾರೆ. ಒರಿಜಿನಲ್ ಅಂತ ಮಾತ್ರ ಬೆಲೆ ಕಟ್ಟಬೇಡಿ, ಅಷ್ಟೇ.

ತಗಡು ಮತ್ತು ಬಣ್ಣ

ಹೊರಗೆ ಹೊಳೆಯುವ ಬಣ್ಣಕ್ಕೆ ಬೆಲೆ ಇಲ್ಲ. ಬ್ಯಾಟರಿ ತಟ್ಟೆಯ ಕೆಳಗೆ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ, ಮೀಟರ್ ಹಿಂದೆ, ನಂಬರ್ ಪ್ಲೇಟಿನ ಕೆಳಗೆ ನೋಡಿ. ಪೇಂಟ್ ಹೊಡೆಯುವವನ ಕೈ ಹೋಗದ ಜಾಗ ಇವೇ. ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ಮೇಜರ್, ಡೆಕ್ಸ್‌ಟಾಗಳಿಗೆ ನೀಲಿ ಮೈ, ಕಿತ್ತಳೆ ಚಕ್ರ. 1963ರ ಸುಮಾರಿನಿಂದ ಚಕ್ರಕ್ಕೆ ಬೂದು ಬಂತು. ಮ್ಯಾಸ್ಸಿ 35ಕ್ಕೆ ಕೆಂಪು ತಗಡು, ಬೂದು ಎಂಜಿನ್. ಅದಕ್ಕಿಂತ ಮುಂಚಿನ ಎಫ್‌ಇ-35ಕ್ಕೆ ತಗಡು ಬೂದು, ಎಂಜಿನ್-ಗೇರ್ ಬಾಕ್ಸಿಗೆ ತಾಮ್ರದಂಥ ಬಣ್ಣ. ಕೆಂಪಿನ ಅಡಿಯಲ್ಲಿ ಈ ತಾಮ್ರದ ಬಣ್ಣ ಸಿಕ್ಕಿತು ಅಂದರೆ ದನಿ ಏರಿಸಬೇಡಿ, ಮಾರುವವನಿಗೆ ಗೊತ್ತಾಗುತ್ತದೆ.

ತಗಡಿನ ಮೇಲೆ ಅಯಸ್ಕಾಂತ ಎಳೆಯಿರಿ. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಪುಟ್ಟಿ ತುಂಬಿದ್ದಾರೆ. ಅಂಚಿನಲ್ಲಿ ವರ್ನಿಯರ್ ಹಿಡಿದು ದಪ್ಪ ನೋಡಿ, ಡೂಪ್ಲಿಕೇಟ್ ಬಾನೆಟ್ ಸಾಮಾನ್ಯವಾಗಿ ತೆಳು. ಒಳಗಡೆ ಸ್ಪಾಟ್ ವೆಲ್ಡಿಂಗಿನ ದುಂಡು ಗುಳಿಗಳು ಸಮ ಅಂತರದಲ್ಲಿ ಇದ್ದರೆ ಕಾರ್ಖಾನೆಯ ಕೆಲಸ.

ತಗಡು ಹುಡುಕುವವರು ವಿಜಯಪುರ, ಸಿಂದಗಿ ಕಡೆ ಹೋಗಿ. ಒಣ ಹವೆ, ತುಕ್ಕು ಕಡಿಮೆ. ಖಾನಾಪುರದ ಮಳೆಯಲ್ಲಿ ನಿಂತ ಗಾಡಿಯ ಮಡ್‌ಗಾರ್ಡ್ ಬೆರಳಿಗೇ ಮುರಿಯುತ್ತದೆ. ಆದರೆ ಬಿಸಿಲಿಗೂ ತನ್ನ ಪಾಲು ಬೇಕಲ್ವಾ? ಒಣ ನಾಡಿನ ಗಾಡಿಯಲ್ಲಿ ಸ್ಟೇರಿಂಗ್ ಚಕ್ರದ ಮೇಲಿನ ಹೊದಿಕೆ ಸೀಳಿರುತ್ತದೆ, ಮೀಟರಿನ ಅಂಕಿ ಬಿಳಚಿರುತ್ತವೆ. ಕಬ್ಬಿನ ಟ್ರಾಲಿ ಎಳೆದ ಗಾಡಿಯಾದರೆ ಹಿಂಭಾಗ ನೋಡಿ. ಹುಕ್ ಹಾಕಲು ಡ್ರಾಬಾರ್ ಕಡಿದು ವೆಲ್ಡಿಂಗ್ ಮಾಡಿರುತ್ತಾರೆ, ಟಾಪ್ ಲಿಂಕ್ ಎಲ್ಲೋ ಹೋಗಿರುತ್ತದೆ.

ಯಾವುದು ಕಳೆದುಹೋಗಿದೆ, ಯಾರಿಗೆ ಗೊತ್ತು

ಹಳೇ ಗಾಡಿಯಲ್ಲಿ ಬ್ಲಾಕು, ಗೇರ್ ಬಾಕ್ಸ್ ಉಳಿದಿರುತ್ತವೆ. ಭಾರ, ಯಾರೂ ಒಯ್ಯಲ್ಲ. ಹೋಗುವುದು ರೇಡಿಯೇಟರ್, ಡೈನಮೊ, ಕಾರ್ಬುರೇಟರ್. ಇದಕ್ಕೆ ಕಾರಣ ಕೇಳಬೇಕಾದ್ದು ಆ ಮನೆಯ ಹಿರಿಯ ಡ್ರೈವರನ್ನು.

“ಕಾಕಾ, ಇದರ ಹಳೇ ಡೈನಮೊ ಎಲ್ಲಿ ಹೋತು?”

“ಅದರಾಗ ತಾಮ್ರ ಇತ್ತಲ್ಲೋ ತಮ್ಮಾ. ಗುಜರಿಯಾವ ಒಯ್ದ. ರೇಡಿಯೇಟರ್ನೂ ಒಯ್ತೇನಿ ಅಂದ, ನಾ ಬಿಡಲಿಲ್ಲ. ಅಟ್ಟದ ಮ್ಯಾಲ ಐತಿ ನೋಡು.”

ಇಂಥ ಮಾತು ಬೇಕು. ಒರಿಜಿನಲ್ ಭಾಗ ಗಾಡಿಯ ಮೇಲೇ ಇರಬೇಕು ಅಂತಿಲ್ಲ. ಅಟ್ಟ, ಬಣವೆ ಪಕ್ಕದ ಕೋಣೆ, ಹಿಟ್ಟಿನ ಗಿರಣಿ, ಗಾಣದ ಮನೆ ಎಲ್ಲಾ ಕೇಳಿ ನೋಡಿ. ಪಟ್ಟಾ ಹಾಕಿ ಗಾಣ ತಿರುಗಿಸುತ್ತಿದ್ದ ಪುಲ್ಲಿ ಬೇರೆ ಎಂಜಿನ್ನಿಗೆ ಕೂತಿರಬಹುದು. ಕೇಳುವಾಗ ಮಾಲೀಕರ ಜೊತೆ ಡ್ರೈವರನ್ನೂ, ಊರ ಹಳೇ ಫಿಟ್ಟರನ್ನೂ ಕೂರಿಸಿಕೊಳ್ಳಿ. ಯಾವ ವರ್ಷ ಎಂಜಿನ್ ಇಳಿಸಿದ್ದು, ಯಾವ ಲೇತಿನಲ್ಲಿ ಕೆಲಸ ಮಾಡಿಸಿದ್ದು ಅವರಿಗೆ ನೆನಪಿರುತ್ತದೆ. ಬರೆದುಕೊಳ್ಳಿ.

ಈಗ ಬೆಲೆ

ಬೆಲೆ ಕಟ್ಟುವಾಗ ನಾನು ಮೊದಲು ಕೇಳುವ ಪ್ರಶ್ನೆ: ಇದು ಇವತ್ತಿಗೂ ಹೊಸದು ಸಿಗುತ್ತದಾ? ಮ್ಯಾಸ್ಸಿ 35ರ ಮತ್ತು ಬಿ-275ರ ಮನೆತನ ನಮ್ಮ ದೇಶದಲ್ಲಿ ದಶಕಗಟ್ಟಲೆ ಮುಂದುವರಿಯಿತು. ಅವುಗಳ ಗೇರು, ಬೇರಿಂಗು, ಪಿಸ್ಟನ್ನು, ಕ್ಲಚ್ಚು ಅಂಗಡಿಯಲ್ಲೇ ಸಿಗುತ್ತವೆ. ಅಂಥ ಭಾಗ 1962ರದ್ದೇ ಆದರೂ, ಹಳೇದು ಅನ್ನುವ ಕಾರಣಕ್ಕೆ ಜಾಸ್ತಿ ಕೊಡಬೇಡಿ. ಸವೆದದ್ದಾದರೆ ಕಡಿಮೆಯೇ ಕೊಡಿ. ಜನ ಇದನ್ನು ಉಲ್ಟಾ ಮಾಡುತ್ತಾರೆ, ಗೇರ್ ಬಾಕ್ಸಿಗೆ ಚೌಕಾಸಿ ಮಾಡಿ ಗ್ರಿಲ್ ಮೇಲಿನ ಬ್ಯಾಡ್ಜನ್ನು ಸುಮ್ನೆ ಬಿಟ್ಟು ಬರುತ್ತಾರೆ. ಮೀಟರ್, ಬ್ಯಾಡ್ಜ್, ಲೈಟಿನ ಗಾಜು, ಗ್ರಿಲ್, ಟೂಲ್ ಬಾಕ್ಸ್, ಸೀಟಿನ ತಟ್ಟೆ, ಪಿಟಿಓ ಟೋಪಿ (ಹಿಂದೆ ಶಕ್ತಿ ಕೊಡುವ ಶಾಫ್ಟಿನ ಮುಚ್ಚಳ), ಲಿಫ್ಟಿನ ಹಿಡಿಕೆ, ಗಾಡಿ ಜೊತೆ ಬಂದ ಪಾನಾ, ಡ್ರೈವರ್ ಪುಸ್ತಕ: ಇವುಗಳಲ್ಲಿದೆ ದುಡ್ಡು. ಇವನ್ನು ಇಲ್ಲಿ ಯಾರೂ ಮತ್ತೆ ಸರಿಯಾಗಿ ಮಾಡಲಿಲ್ಲ.

ಆಮೇಲೆ ಒಂದು ತಳ, ಒಂದು ಮೇಲ್ಮಿತಿ ಹಾಕಿಕೊಳ್ಳಿ. ತಳ ಅಂದರೆ ಆ ದಿನದ ಗುಜರಿ ದರ. ಬೀಡಿಗೆ ಬೇರೆ, ಉಕ್ಕಿಗೆ ಬೇರೆ, ತಾಮ್ರ-ಹಿತ್ತಾಳೆಗೆ ಬೇರೆ ದರ ಇರುತ್ತದೆ, ಫೋನ್ ಮಾಡಿ ಕೇಳಿಕೊಳ್ಳಿ. ಮಾರುವವನಿಗೂ ಅದು ಗೊತ್ತು, ಅದರ ಕೆಳಗೆ ಅವನು ಬರುವುದಿಲ್ಲ. ಮೇಲ್ಮಿತಿ ಅಂದರೆ ಅಂಥದ್ದೇ ಭಾಗ ಒಳ್ಳೇ ಸ್ಥಿತಿಯಲ್ಲಿ ಬೇರೆ ಕಡೆಯಿಂದ ತರಿಸಿದರೆ ಬೀಳುವ ಪೂರ್ತಿ ಖರ್ಚು, ಸಾಗಣೆ ಸೇರಿ. ಅದರಿಂದ ರಿಪೇರಿ ಖರ್ಚು ಕಳೆಯಿರಿ.

ಲೆಕ್ಕಕ್ಕೆ ಒಂದು ಬಾನೆಟ್ ತೆಗೆದುಕೊಳ್ಳೋಣ. ಅಂಕಿಗಳು ಬರೀ ಉದಾಹರಣೆಗೆ. ತೂಕ 15 ಕಿಲೋ, ಗುಜರಿ ದರ ಕಿಲೋಗೆ 30 ಅಂದರೆ ತಳ 450 ರೂಪಾಯಿ. ಒಳ್ಳೇ ಒರಿಜಿನಲ್ ತರಿಸಲು 9,000 ಬೀಳುತ್ತದೆ. ಇದಕ್ಕೆ ಡೆಂಟಿಂಗ್, ತೂತು ಮುಚ್ಚುವುದು 3,500. ಉಳಿದದ್ದು 5,500. ಹೊಸ ಡೂಪ್ಲಿಕೇಟ್ 4,000ಕ್ಕೆ ಸಿಗುತ್ತದೆ ಅಂದರೆ, ಓಡಿಸಲು ಬೇಕಾದವನು 4,000ಕ್ಕಿಂತ ಜಾಸ್ತಿ ಕೊಡಲ್ಲ. ಮೂಲ ಸ್ಥಿತಿಗೆ ತರುವವನು 5,500ರ ತನಕ ಬರಬಹುದು. ನಿಮ್ಮೆದುರು ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ.

ಬೀಡಿನ ಭಾಗವಾದರೆ ಸೀಳು ನೋಡದೆ ಬೆಲೆ ಹೇಳಬೇಡಿ. ತಣ್ಣನೆ ದೇಶಗಳಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುತ್ತದೆ. ಇಲ್ಲಿ ನೀರು ಆರಿದ ಎಂಜಿನ್ ಕಾದಾಗ ತಣ್ಣೀರು ಹೊಯ್ದು ಸೀಳಿಸಿರುತ್ತಾರೆ. ಡೀಸೆಲ್ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಸೀಳು ಇದ್ದರೆ ಒಳಗಿನ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಎಳೆಯುತ್ತದೆ. ಹಿತ್ತಾಳೆ ಬೆಸುಗೆಯ ಹಳದಿ ಗೆರೆ ಕಂಡರೂ ಬೆಲೆ ಇಳಿಸಿ.

ಪೂರ್ತಿ ಇರುವ ಗಾಡಿಯನ್ನು ಬಿಚ್ಚಿ ಮಾರಬೇಡಿ ಅಂತ ಮಾತ್ರ ಕೈಮುಗಿದು ಕೇಳುತ್ತೇನೆ. ಬಿಡಿಯಾಗಿ ಮಾರಿದರೆ ಮೊದಲ ತಿಂಗಳು ದುಡ್ಡು ಚೆನ್ನಾಗಿ ಕಾಣುತ್ತದೆ. ಆಮೇಲೆ ಯಾರಿಗೂ ಬೇಡದ ಗೇರ್ ಬಾಕ್ಸ್ ಅಂಗಳದಲ್ಲಿ ಉಳಿಯುತ್ತದೆ. ಎಂಜಿನ್, ಚಾಸಿ ನಂಬರ್ ಎರಡೂ ಆರ್‌ಸಿಗೆ ಹೊಂದುವ, ತಗಡು ಪೂರ್ತಿ ಇರುವ ಗಾಡಿಗೆ ಇಡಿಯಾಗಿಯೇ ಬೆಲೆ ಜಾಸ್ತಿ.

ಇನ್ನೊಂದು ಗೊಂದಲ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಅದು ಸ್ವಂತ ಬಳಕೆಯ ಬೈಕು, ಕಾರುಗಳಿಗೆ. “ವಿಂಟೇಜ್ ನಂಬರ್ ಆಗ್ತದ್ರಿ” ಅಂತ ಟ್ರ್ಯಾಕ್ಟರಿಗೆ ದರ ಏರಿಸಿದರೆ ಒಪ್ಪಬೇಡಿ.

ಕೊಳ್ಳುವ ದಿನ

ಭಾಗ ಬಿಚ್ಚುವ ಮುಂಚೆ ಗಾಡಿಯ ಮೇಲಿದ್ದಾಗಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಬಿಚ್ಚಿದ ಮೇಲೆ ನಂಬರಿನ ಫೋಟೊ ಬೇರೆ. ತಂತಿಯಲ್ಲಿ ಚೀಟಿ ಕಟ್ಟಿ, ಯಾವ ಗಾಡಿ, ಯಾವ ಊರು ಅಂತ ಬರೆಯಿರಿ. ಪೆನ್ಸಿಲ್ ಆಗಲಿ, ಪೆನ್ನಿನ ಶಾಯಿ ಎಣ್ಣೆಗೆ ಅಳಿಸುತ್ತದೆ. ಮರಳು ಹೊಡೆಸುವುದು, ಪಾಲಿಶ್ ಮಾಡುವುದು ಬೇಡ, ತೆಳ್ಳಗೆ ಎಣ್ಣೆ ಸವರಿ ಒಣ ಜಾಗದಲ್ಲಿಡಿ. ಮಾರಿದವರ ಹತ್ತಿರ ಬಿಳಿ ಹಾಳೆಯ ಮೇಲಾದರೂ ರಸೀತಿ ಬರೆಸಿಕೊಳ್ಳಿ: ಭಾಗದ ಹೆಸರು, ಅದರ ಮೇಲಿನ ನಂಬರ್, ಯಾವ ಗಾಡಿಯಿಂದ ತೆಗೆದದ್ದು, ದುಡ್ಡು, ತಾರೀಕು, ಸಹಿ. ಎಂಜಿನ್ ಬ್ಲಾಕೋ ಚಾಸಿ ಭಾಗವೋ ಆದರೆ ಜೊತೆಗೆ ಆರ್‌ಸಿಯ ಝೆರಾಕ್ಸ್. ಅದು ಕೊಡಲು ಹಿಂದೆಮುಂದೆ ನೋಡಿದರೆ ಕೊಟ್ಟ ಮುಂಗಡ ವಾಪಸ್ ಕೇಳಿ.